ಜಾವಳದ ಮೇಲೆ ಬಾರದ ಕೂದಲು

ತಿಕೋಂಡಿಯ ಕ್ಷೌರಿಕ ರೇವಪ್ಪ ಹಡಪದನ ಚರ್ಮದ ಚೀಲದಲ್ಲಿ ಎರಡು ಕತ್ತಿಗಳಿದ್ದವು. ಮದುಮಗನ ಗಡ್ಡಕ್ಕೆ, ಹಬ್ಬಕ್ಕೆ, ಕೂಸುಗಳ ಜಾವಳಕ್ಕೆ ಒಂದು. ಸತ್ತವರ ಮನೆಯ ಗಂಡಸರ ತಲೆ ಬೋಳಿಸುವುದಕ್ಕೆ ಇನ್ನೊಂದು. ಸೂತಕದ ಕತ್ತಿ ಶುಭದ ತಲೆ ಮುಟ್ಟಬಾರದು ಎಂಬುದು ಅವನ ಅಪ್ಪ ಹೇಳಿಕೊಟ್ಟ ಮೊದಲ ಪಾಠ. ಹಿಡಿ ಮಾತ್ರ ಎರಡಕ್ಕೂ ಒಂದೇ ತೆರನಾಗಿತ್ತು. ಒಂದೇ ಕಮ್ಮಾರ, ಒಂದೇ ಕೊಂಬು.

ಜಾವಳಕ್ಕೆ ರೇವಪ್ಪನ ಕೈಯೇ ಬೇಕು ಎಂದು ಸುತ್ತಲಿನ ಹಳ್ಳಿಗಳಿಂದ ಕರೆ ಬರುತ್ತಿತ್ತು. ತಾಯಿಯ ಹೊಟ್ಟೆಯಿಂದ ತಂದ ಕೂದಲು ದೇವರದು. ಅದನ್ನು ಇಳಿಸಿ ದೇವರಿಗೆ ಒಪ್ಪಿಸಿದ ಮೇಲೆ ಬರುವುದು ಕೂಸಿನದು. ನಮ್ಮ ಕಡೆಯ ನಂಬಿಕೆ ಇಷ್ಟೇ. ಹಾಲುಗೂಸಿನ ನೆತ್ತಿ ಇನ್ನೂ ಮಿಡಿಯುತ್ತಿರುತ್ತದೆ, ಅದರ ಮೇಲೆ ಉಕ್ಕು ಆಡಿಸುವುದು ಹುಡುಗಾಟವಲ್ಲ. ರೇವಪ್ಪ ಕತ್ತಿ ಹಿಡಿದರೆ ಕೂಸು ಎಚ್ಚರವಾಗದೆ ಮಲಗಿರುತ್ತಿತ್ತು ಎಂದು ಹೆಂಗಸರು ಹೊಗಳುತ್ತಿದ್ದರು. ಸ್ವಲ್ಪ ಹೆಚ್ಚೇ ಹೊಗಳುತ್ತಿದ್ದರು, ಆದರೆ ಅವನ ಕೈ ಹಗುರವಾಗಿದ್ದುದು ನಿಜ.

ಹತ್ತೊಂಬತ್ತುನೂರ ಅರವತ್ತನಾಲ್ಕರ ಸುಮಾರಿಗೆ ಕುರಿಗಾರ ಅಮಸಿದ್ದನ ಚೊಚ್ಚಲ ಮಗ ಬೀರಪ್ಪನ ಜಾವಳವಾಯಿತು. ಅಮಸಿದ್ದ ತನ್ನ ಅಕ್ಕನ ಮಗಳು ಯಮನವ್ವನನ್ನೇ ಮದುವೆಯಾಗಿದ್ದ. ಹಾಗಾಗಿ ಅಮಸಿದ್ದನ ತಾಯಿ ಸಂಗವ್ವ, ಯಮನವ್ವನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ನಮ್ಮಲ್ಲಿ ಇದು ಹೊಸದಲ್ಲ. ಹಟ್ಟಿಯ ಕುರಿ ಹಟ್ಟಿಯಲ್ಲೇ ಉಳಿಯಲಿ ಎನ್ನುವವರೇ ಎಲ್ಲರೂ. ಆ ದಿನ ಬೀರದೇವರ ಗುಡಿಯ ಮುಂದೆ ಡೊಳ್ಳು, ಅರಿಸಿನದ ಭಂಡಾರ, ಜನವೋ ಜನ. ಹಿಂದಿನ ದಿನವಷ್ಟೇ ರೇವಪ್ಪ ಬೆಳುಂಕಿಯಲ್ಲಿ ಒಂದು ಸಾವಿನ ಮನೆಯ ತಲೆಗಳನ್ನು ಬೋಳಿಸಿ ಬಂದಿದ್ದ. ಗದ್ದಲದಲ್ಲಿ ಚೀಲಕ್ಕೆ ಕೈ ಹಾಕಿದ, ಕೈಗೆ ಸಿಕ್ಕ ಕತ್ತಿ ತೆಗೆದ, ಕೂದಲಿಳಿಸಿದ.

ತಿಂಗಳಾಯಿತು, ಸುಗ್ಗಿಯಾಯಿತು, ಮತ್ತೊಂದು ಸುಗ್ಗಿ ಬಂತು. ಬೀರಪ್ಪನ ತಲೆಯಲ್ಲಿ ಒಂದು ಎಳೆಯೂ ಚಿಗುರಲಿಲ್ಲ. ಹುಬ್ಬೂ ಉದುರಿತು. ತಲೆ ತೊಳೆದಿಟ್ಟ ತಂಬಿಗೆಯಂತೆ ಹೊಳೆಯತೊಡಗಿತು.

“ಹಡಪದನ ಕೈ ಕೆಟ್ಟದ” ಎಂಬ ಮಾತು ಮೊದಲು ಯಾರ ಬಾಯಿಂದ ಹೊರಟಿತೋ, ಊರೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ. ಊರ ಬಾಯಿ ಹುಳಿ ಮಜ್ಜಿಗೆಯ ಗಡಿಗೆ, ಎಷ್ಟು ತೊಳೆದರೂ ವಾಸನೆ ಹೋಗದು. ಗಂಡಸರು ಗಡ್ಡಕ್ಕೆ ಬರುವುದನ್ನು ಬಿಡಲಿಲ್ಲ. ಕೂಸಿದ್ದ ತಾಯಂದಿರು ಮಾತ್ರ ರೇವಪ್ಪ ಎದುರು ಬಂದರೆ ಸೆರಗಿನಿಂದ ಕೂಸಿನ ತಲೆ ಮುಚ್ಚಿಕೊಳ್ಳತೊಡಗಿದರು.

ಅವರ ಅಂಜಿಕೆಗಿಂತ ಅವನ ಅಂಜಿಕೆ ದೊಡ್ಡದು. ಆ ದಿನ ಚೀಲದಿಂದ ತೆಗೆದದ್ದು ಯಾವ ಕತ್ತಿ? ಎಷ್ಟು ನೆನೆದರೂ ನೆನಪಾಗುತ್ತಿರಲಿಲ್ಲ. ಒಮ್ಮೆ ಶುಭದ್ದೇ ಎನಿಸುತ್ತಿತ್ತು. ಮರುಗಳಿಗೆಗೆ ಬೆಳುಂಕಿಯ ಹೆಣದ ಮುಖ ಕಣ್ಣ ಮುಂದೆ ಬಂದು, ಇಲ್ಲ, ನನ್ನ ಮನೆಯವರ ತಲೆಗೆ ಹಚ್ಚಬೇಕಾದ್ದನ್ನು ಕೂಸಿಗೆ ಹಚ್ಚಿದೆ ಎನ್ನುವಂತಿರುತ್ತಿತ್ತು. ಹೆಂಡತಿ ಚಂದ್ರಾಬಾಯಿಗೂ ಅವನು ಇದನ್ನು ಹೇಳಲಿಲ್ಲ. ಬೀರಪ್ಪ ಓಣಿಯಲ್ಲಿ ಆಡುತ್ತಿದ್ದರೆ ಅವನು ಹಿತ್ತಲ ದಾರಿ ಹಿಡಿಯುತ್ತಿದ್ದ.

ನಾಲ್ಕು ವರ್ಷಗಳ ಮೇಲೆ ಯಮನವ್ವನಿಗೆ ಹೆಣ್ಣು ಹುಟ್ಟಿತು. ಸಾವಿತ್ರವ್ವ ಎಂದು ಹೆಸರಿಟ್ಟರು. ಹುಟ್ಟುವಾಗಲೇ ತಲೆತುಂಬ ಕಪ್ಪು ಕೂದಲು. ಸಂಗವ್ವ ಕರಜಗಿಯ ಹಡಪದನಿಗೆ ಜಾವಳದ ವೀಳ್ಯ ಕಳಿಸಿದ್ದಾಳೆ ಎಂಬ ಸುದ್ದಿಯನ್ನು ಕಂಬಳಿ ವ್ಯಾಪಾರದ ಮೀರಾಸಾಬ ತಂದ. ಅವನು ರೇವಪ್ಪನ ಗೆಳೆಯ, ಗಡ್ಡಕ್ಕೆ ಕೂತಾಗಲೂ ಬಾಯಿ ಮುಚ್ಚದವನು.

“ಚಲೋ ಆತಲ್ಲೋ ರೇವಪ್ಪಾ. ನಿನ್ನ ತಲಿ ಮ್ಯಾಲಿಂದ ಒಂದು ಹೊರಿ ಇಳೀತು.”

“ಹೂಂ.”

“ಹೂಂ ಅಂದು ಯಾಕ ನನ್ನ ಗಲ್ಲಾ ಕೊಯ್ಯಾಕ ಹತ್ತೀದಿ? ಇದು ನಂದು ಗಲ್ಲ, ಕುರಿ ಕೊಳ್ಳ ಅಲ್ಲ.”

ರೇವಪ್ಪ ಕತ್ತಿ ಕೆಳಗಿಟ್ಟ. ಕರಜಗಿಯವನು ಕೂದಲಿಳಿಸಿ, ಆ ಕೂಸಿಗೆ ಮತ್ತೆ ಕೂದಲು ಬಂದರೆ? ಆಗ ಕೆಟ್ಟದ್ದು ರೇವಪ್ಪನ ಕೈ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗಡ್ಡಕ್ಕೆ ಬರುವವರೂ ನಿಲ್ಲುತ್ತಾರೆ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ವರ್ಷದ ಕೆಲಸಕ್ಕೆ ಸಿಗುವ ಆಯದ ಜೋಳ ತರುವ ಮನೆತನದ ಹಕ್ಕು ಅವನೊಂದಿಗೇ ಮುಗಿಯುತ್ತದೆ. ಬರದಿದ್ದರೆ? ಬರದಿದ್ದರೆ ಅವನು ಉಳಿದ. ಹೀಗೆ ಲೆಕ್ಕ ಹಾಕುತ್ತ ಹಾಕುತ್ತ, ತೊಟ್ಟಿಲಲ್ಲಿರುವ ಒಂದು ಹೆಣ್ಣುಕೂಸು ಬೋಳಾಗಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಿತು. ಕತ್ತಿಗೆ ಅಂಜಿದ್ದವನು ಅಂದಿನಿಂದ ತನ್ನ ಮನಸ್ಸಿಗೂ ಅಂಜಿದ.

“ದೇವ್ರ ಮುಂದ ಏನ್ ಬೇಡ್ಕೊಂಡ್ರಿ?” ಎಂದು, ಆ ಸಂಜೆ ದೇವರಿಗೆ ಕೈಮುಗಿದು ಎದ್ದವನನ್ನು ಚಂದ್ರಾಬಾಯಿ ಕೇಳಿದಳು.

“ಏನಿಲ್ಲ.”

“ಏನಿಲ್ಲಂದ್ರ ಮುಖ ಯಾಕ ಹಿಂಗ ಸುಟ್ಟ ಬದನಿಕಾಯಿ ಆಗ್ಯದ?”

ಅವನು ಸಾಣೆಕಲ್ಲಿನ ಮುಂದೆ ಕುಳಿತ.

ಜಾವಳಕ್ಕೆ ಮೂರು ವಾರ ಇದ್ದಾಗ, ಮಟಮಟ ಮಧ್ಯಾಹ್ನ, ಚಂದ್ರಾಬಾಯಿ ಬಾವಿಗೆ ಹೋಗಿದ್ದ ಹೊತ್ತು ನೋಡಿ ಯಮನವ್ವ ಬಂದಳು. ಕಂಕುಳಲ್ಲಿ ಕೂಸು, ಕೂಸಿನ ತಲೆಗೆ ಕುಂಚಿಗೆ. ಬಾಗಿಲು ಮುಂದೆ ಮಾಡಿ ಕುಂಚಿಗೆ ಬಿಚ್ಚಿದಳು. ನೆತ್ತಿಯ ಮೇಲೆ ಅಂಗೈಯಗಲ ಬೋಳು. ಸೆರಗಿನ ಗಂಟು ಬಿಚ್ಚಿದರೆ ಅದರಲ್ಲಿ ಹಿಡಿ ಕೂದಲು.

“ಕೌದಿಗೆ ಹತ್ತಿ ಬರ್ತದ ಕಾಕಾ. ಎಣ್ಣಿ ಹಚ್ಚಿದ್ರ ಕೈಗೆ ಬರ್ತದ. ಯಾರ್ದೂ ಕತ್ತಿ ಮುಟ್ಟಿಲ್ಲ.”

ರೇವಪ್ಪನಿಗೆ ಮೊದಲು ಅರಿವಾದದ್ದು ತನ್ನ ಎದೆ ಹಗುರಾದದ್ದು. ಯಾರ ಕತ್ತಿಯೂ ಮುಟ್ಟಿಲ್ಲ. ಆಮೇಲೆ ಆ ತಾಯಿಯ ಮುಖ ನೋಡಿದ.

“ಯಾರ್ಯಾರಿಗೆ ಹೇಳೀದಿ?”

“ಯಾರಿಗೂ ಇಲ್ಲ. ಅವ್ರಿಗೂ ಹೇಳಿಲ್ಲ, ಸಂಗವ್ವ ಆಯಿಗೂ ಇಲ್ಲ. ನಿನ್ನ ಕಾಲ ಬೀಳ್ತೀನಿ, ಈಗಽ ಈ ಕೂಸಿನ ತಲಿ ಬೋಳಸು.”

“ಜಾವಳಕ್ಕ ಇನ್ನೂ ದಿನಾ ಅದಾವಲ್ಲ, ತಂಗಿ.”

“ಅಷ್ಟರಾಗ ಎಲ್ಲಾ ಉದುರತದ. ತಾನಽ ಉದುರಿತು ಅಂದ್ರ ನನ್ನ ಹೊಟ್ಟಿ ಕೆಟ್ಟದ್ದು ಅಂತಾರ. ನನ್ನ ಹೊರಗ ಹಾಕಿ ಅವ್ರಿಗೆ ಬ್ಯಾರೆ ಹೆಣ್ಣು ತರ್ತಾರ. ಈ ಕೂಸಿನ್ನ ಮುಂದ ಯಾರು ಲಗ್ನಾ ಮಾಡ್ಕೋತಾರ? ನೀ ಬೋಳಿಸಿದಿ ಅಂದ್ರ ಕತ್ತಿದು ಅಂತಾರ.”

“ನನ್ನ ಕೊಳ್ಳಿಗೆ ಹಗ್ಗಾ ಹಾಕಾಕ ಬಂದೀ ಏನವ್ವಾ?”

“ನಿನಗ ಹೆಂಗೂ ಹೆಸರ ಬಂದದ, ಕಾಕಾ.”

ಆ ಮಾತಿಗೆ ರೇವಪ್ಪ ನಕ್ಕನೋ ಅತ್ತನೋ ಹೇಳುವುದು ಕಷ್ಟ. ಬಾಯಲ್ಲಿ ಬಿಸಿ ತುಪ್ಪ, ನುಂಗಲಾರ, ಉಗುಳಲಾರ. ಊರಿಗೆ ಹೇಳಿದರೆ ಅವನು ಉಳಿಯುತ್ತಾನೆ, ಅವಳು ಹಾಳಾಗುತ್ತಾಳೆ. ಕತ್ತಿ ಹಿಡಿದರೆ ಅವಳು ಉಳಿಯುತ್ತಾಳೆ, ಇವನು ಊರು ಬಿಡಬೇಕು. ಕೊನೆಗೆ ಅಂದ:

“ಗಂಡಗ ಹೇಳು. ಹುಡುಗನ ಮೊಳಕೈ ಮ್ಯಾಲ ನವಣಿ ಕಾಳಿನಂಥಾ ಗುಳ್ಳಿ ಎದ್ದಾವಲ್ಲ, ಅವನ್ನ ತೋರಸಾಕ ಅಂತ ಮಿರಜಿಗೆ ಹೋಗೂಣು. ಚರ್ಮದ ಡಾಕ್ಟರಬಾಯಿ ಒಬ್ಬಾಕಿ ಅದಾಳಂತ, ಮೀರಾಸಾಬ ಹೇಳ್ತಿದ್ದ. ನಾನೂ ಬರ್ತೀನಿ. ನಾನೂ ಒಂದು ಮಾತು ಕೇಳೂದದ.”

ಹಾಗೆ ಅಮಸಿದ್ದ, ಯಮನವ್ವ, ಎರಡು ಮಕ್ಕಳು, ರೇವಪ್ಪ ಜತ್ತಿಗೆ ಹೋಗಿ ಎಸ್.ಟಿ. ಬಸ್ಸು ಹತ್ತಿದರು. ಅಮಸಿದ್ದ ದಾರಿಯುದ್ದಕ್ಕೂ ಮಗಳ ಕುಂಚಿಗೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದ, ಗಾಳಿಗೆ ತಲೆಯೇ ಹಾರಿಹೋದೀತು ಎನ್ನುವವನಂತೆ.

ಡಾಕ್ಟರಬಾಯಿ ಬೀರಪ್ಪನನ್ನು ಬೆಳಕಿಗೆ ನಿಲ್ಲಿಸಿ ತಲೆ, ಹುಬ್ಬು, ಹಲ್ಲು, ಉಗುರು ನೋಡಿದಳು. ಕೂಸನ್ನೂ ನೋಡಿದಳು. ಗಂಡಹೆಂಡಿರಿಗೆ ಮೊದಲಿನ ನಂಟೇನು ಎಂದು ಮರಾಠಿಯಲ್ಲಿ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡಳು. ಹುಡುಗನ ತಲೆಯ ಚರ್ಮದಿಂದ ಜೋಳದ ಕಾಳಿನಷ್ಟು ಚೂರು ತೆಗೆದು, ವಾರ ಬಿಟ್ಟು ಬನ್ನಿ ಎಂದಳು.

ಎರಡನೆಯ ಸಲ ಅಮಸಿದ್ದ, ರೇವಪ್ಪ ಇಬ್ಬರೇ ಹೋದರು. ಆಕೆ ಹೇಳಿದ್ದನ್ನು ರೇವಪ್ಪ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದರಿಂದ ಅದು ನಮಗೆಲ್ಲ ಬಾಯಿಪಾಠ. ಪ್ರತಿಯೊಂದು ಕೂದಲಿನ ಬುಡದಲ್ಲಿ ಒಂದು ಸಣ್ಣ ಚೀಲವಿರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದು ಮೊದಲ ಬೆಳೆ ಕೊಡುತ್ತದೆ. ಆ ಬೆಳೆ ಉದುರಿದ ಮೇಲೆ ಚೀಲ ಎಚ್ಚೆತ್ತು ಎರಡನೆಯ ಬೆಳೆ ತೆಗೆಯಬೇಕು. ಈ ಮಕ್ಕಳ ಚೀಲ ಏಳುವುದಿಲ್ಲ, ಬುಡ ಕಳಚಿ ಅಲ್ಲೇ ಗಂಟಾಗಿಬಿಡುತ್ತದೆ. ಮೊಳಕೈ ಮೇಲಿನ ಗುಳ್ಳೆಗಳೂ ಅಂಥವೇ. ಏಳು ಎಂದು ಆ ಚೀಲಕ್ಕೆ ಅಪ್ಪಣೆ ಕೊಡುವ ಒಂದು ಬೀಜ ಒಡಲಲ್ಲಿರುತ್ತದೆ. ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು. ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಎಳೆದೊಯ್ಯುತ್ತದೆ. ಎರಡೂ ಕುಂಟಿದರೆ ಬಂಡಿ ನಿಂತಿತು.

“ಕರಿ ಟಗರಿಗೆ ಕರಿ ಕುರಿಗೆ ಬಿಳಿ ಮರಿ ಹುಟ್ಟಿದ್ದು ನೋಡಿಲ್ಲವೇ?” ಎಂದು ಆಕೆ ಅಮಸಿದ್ದನನ್ನು ಕೇಳಿದಳಂತೆ.

“ನೋಡೀನ್ರಿ ಬಾಯಾರ. ಮುತ್ಯಾನ ಟಗರಿನ ಬಣ್ಣ ಬಂದದ ಅಂತೀವ್ರಿ.”

“ಹಾಗೆಯೇ ಇದು. ನೀನೂ ನಿನ್ನ ಹೆಂಡತಿಯೂ ಒಂದೇ ಬಾವಿಯ ನೀರು. ಆ ಬಾವಿಯಲ್ಲಿ ಇದು ಮೊದಲೇ ಇತ್ತು. ಇಬ್ಬರಿಂದಲೂ ಬಂದಿದೆ. ಒಬ್ಬಳ ಹೊಟ್ಟೆಯ ಮೇಲೆ ಹೊರಿಸಬೇಡ.”

ರೇವಪ್ಪ ಆಗ ಬಾಯಿ ಬಿಟ್ಟ. ನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ಕೇಳಿದ. “ಬಾಯಾರ, ಕತ್ತಿ ಸೂತಕದ್ದು ಇದ್ರ?”

ಆಕೆ ನಗಲಿಲ್ಲ. ಯಾವ ಕತ್ತಿಯೂ ಚರ್ಮದ ಒಳಗಿನ ಚೀಲವನ್ನು ಮುಟ್ಟುವುದಿಲ್ಲ ಎಂದಳು. ಮಕ್ಕಳ ಆಯುಷ್ಯಕ್ಕೆ, ಬುದ್ಧಿಗೆ ಏನೂ ಕೊರತೆಯಿಲ್ಲ, ಇದು ಅಂಟುವ ರೋಗವಲ್ಲ, ಆದರೆ ಔಷಧಿಯೂ ಇಲ್ಲ ಎಂದಳು. ಆ ಬೀಜ ಯಾವುದು, ಒಡಲಲ್ಲಿ ಎಲ್ಲಿ ಕುಳಿತಿದೆ ಎಂಬುದು ತನಗೂ ಗೊತ್ತಿಲ್ಲ, ಜಗತ್ತಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡಳು. ಅದು ಇಂಥ ವಂಶವಾಹಿ ಎಂದು ಪಂಡಿತರು ಗುರುತಿಸಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ.

ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕುಳಿತಾಗ ಅಮಸಿದ್ದ ಅಂದ, “ನಾನೂ ಪಾಲುಗಾರ ಅಂದಂಗಾತು.”

“ಹೌದಪ್ಪಾ.”

“ಯಮನಿ ಹಿಂದ ನಾ ನಿಂದರ್ತೀನಿ. ಖರೆ ಅವ್ವಗ ಯಾರು ಹೇಳೂದು? ನನಗ ಆಗೂದಿಲ್ಲ, ಕಾಕಾ. ತೋಳ ಬಂದ್ರ ಕೋಲು ಹಿಡದ ನಿಂತೇನು. ಅವ್ವನ ಮುಂದ ನಿಂತು, ನಿನ್ನ ಬಾವಿ ಕೆಟ್ಟದ ಅನ್ನಾಕ ಆಗೂದಿಲ್ಲ.”

ಸಂಗವ್ವನಿಗೆ ಅಂಜದವರು ತಿಕೋಂಡಿಯಲ್ಲಿ ಇರಲಿಲ್ಲ. ಅವಳು ಜೋರಾಗಿ ಮಾತಾಡುತ್ತಿರಲಿಲ್ಲ, ನೋಡುತ್ತಿದ್ದಳು, ಅಷ್ಟೇ. ಅವಳು ಹೂಂ ಎಂದರೆ ಊರು ಹೂಂ ಎನ್ನುತ್ತಿತ್ತು. ಜಾವಳ ಹತ್ತಿರ ಬಂತು. ಸಾವಿತ್ರವ್ವನ ತಲೆಯ ಕುಂಚಿಗೆಯನ್ನು ಯಮನವ್ವ ಹಗಲೂ ತೆಗೆಯುತ್ತಿರಲಿಲ್ಲ. ಕೂಸಿಗೆ ನೆಗಡಿ ಎಂದು ಎಷ್ಟು ದಿನ ಹೇಳಲಾದೀತು? ಕರಜಗಿಯವನು ಗುಡಿಯ ಮುಂದೆ ಕುಂಚಿಗೆ ಬಿಚ್ಚಿದ ಗಳಿಗೆಗೆ ಎಲ್ಲರ ಕಣ್ಣೂ ತಾಯಿಯ ಕಡೆ ತಿರುಗುತ್ತವೆ, ಇಲ್ಲವೇ ರೇವಪ್ಪ ದೂರದಿಂದಲೇ ಏನೋ ಮಾಡಿದ ಎಂದು ಜನ ಆಡಿಕೊಳ್ಳುತ್ತಾರೆ. ಯಾರಾದರೂ ಹೇಳಲೇಬೇಕಾಗಿತ್ತು. ಹೇಳದಿದ್ದರೆ ಹೆಚ್ಚು ಕಳೆದುಕೊಳ್ಳುವವರಲ್ಲಿ ರೇವಪ್ಪನೂ ಒಬ್ಬ.

ಸಂಗವ್ವ ಕುರಿಹಟ್ಟಿಯ ನೆರಳಿನಲ್ಲಿ ಒಬ್ಬಳೇ ಕುಳಿತು ಉಣ್ಣೆ ನೂಲುತ್ತಿದ್ದಳು. ರೇವಪ್ಪ ಹಟ್ಟಿಯ ಬೇಲಿಯ ತನಕ ಬಂದು ಹಿಂದೆ ಹೋದ. ಮತ್ತೆ ಬಂದ.

“ಬೇಲಿ ಅಳ್ಯಾಕ ಬಂದೀಯೇನೋ ಹಡಪದ? ಬಾ, ಕುಂದ್ರು” ಎಂದಳು, ತಲೆ ಎತ್ತದೆ.

ಅವನು ಕುಳಿತ. ಎಲ್ಲವನ್ನೂ ಹೇಳಿದ. ಕೂಸಿನ ಕೂದಲು ಉದುರಿದ್ದು, ಮಿರಜು, ಚೀಲ, ಬೀಜ, ಜೋಡೆತ್ತು. ಹಿಂದುಮುಂದಾಗಿ, ತೊದಲಿ, ಆದರೆ ಒಂದನ್ನೂ ಬಿಡದೆ. ಕೊನೆಗೆ, “ಇದು ಇಬ್ಬರಿಂದ್ಲೂ ಬಂದದಂತ, ಅವ್ವಾರ. ಇಬ್ಬರೂ ನಿಮ್ಮ ಒಡಲಿನವ್ರು” ಎಂದು ನೆಲ ನೋಡಿದ.

ಕದಿರು ತಿರುಗುವುದು ನಿಂತಿತು. ಬೈಗುಳ ಬಂದೀತು, ಕೋಲು ಬಂದೀತು ಎಂದು ರೇವಪ್ಪ ಹೆಗಲು ಕುಗ್ಗಿಸಿದ್ದ. ಏನೂ ಬರಲಿಲ್ಲ. ಕಣ್ಣೆತ್ತಿ ನೋಡಿದರೆ ಮುದುಕಿ ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ನನಗ ಒಬ್ಬ ಅಣ್ಣ ಇದ್ದ” ಎಂದಳು. “ಶಿದ್ರಾಯ. ಬೆಳುಂಕಿ ನನ್ನ ತವರುಮನಿ. ನಮ್ಮವ್ವ ಅವನ ತಲಿಗೆ ಸುತ್ತಿದ ಪಟಗಾ ಮಲಗೂಮುಂದನೂ ಬಿಚ್ಚತಿದ್ದಿಲ್ಲ. ಓಣ್ಯಾಗ ಬಿಡತಿದ್ದಿಲ್ಲ. ಹುಬ್ಬಿಗೆ ಕಾಡಿಗಿ ಬರೀತಿದ್ಳು. ಮೀಸಿ ಬರೂ ವಯಸ್ಸಾತು, ಬರಲಿಲ್ಲ. ಒಂದಿನ ಕುರಿ ಹಿಂದ ಹೋದಾಂವ ಹೊಳ್ಳಿ ಬರಲಿಲ್ಲ. ನಮ್ಮಪ್ಪ ಹುಡಕ್ಯಾಕೂ ಹೋಗಲಿಲ್ಲ.”

ರೇವಪ್ಪ ಅವಳ ಕಡೆ ತಿರುಗಿ ಕುಳಿತ.

“ಬೀರ್ಯಾನ ತಲಿ ನೋಡಿದ ದಿನಾನಽ ನನಗ ಗೊತ್ತಾತು. ಅದು ನನ್ನಣ್ಣನ ತಲಿ. ನಿನ್ನ ಹೆಸರ ಮೊದಲ ತಗದಾಕಿ ನಾನಽ. ಮೂರು ಹೆಣ್ಣು ಕೊಟ್ಟೀನಪ್ಪಾ ಬ್ಯಾರೆಬ್ಯಾರೆ ಮನಿಗೆ. ನನ್ನ ಒಡಲಿನ ಬ್ಯಾನಿ ಅಂತ ಗೊತ್ತಾದ್ರ ಮೂರೂ ಮಂದಿ ಗಂಟು ಕಟ್ಟಿಕೊಂಡು ನನ್ನ ಬಾಗಲಿಗೆ ಬರ್ತಾರ. ಅಂಜಿದೆ. ನಿನಗ ಹೆಂಗೂ ಕತ್ತಿ ಇತ್ತು, ಕತ್ತಿ ಮ್ಯಾಲ ಹಾಕಿದೆ.”

“ನಾ ನಾಲ್ಕು ವರ್ಷ ಆ ಕತ್ತಿಗೆ ಅಂಜಿ ಸತ್ತೆ, ಅವ್ವಾರ. ನಾನಽ ಮಾಡೀನಿ ಅಂದ್ಕೊಂಡಿದ್ನಿ.”

“ನೀ ಅಂದ್ಕೋತಿ ಅಂತ ನಾ ಅಂದ್ಕೊಂಡಿದ್ದಿಲ್ಲ” ಎಂದಳು ಸಂಗವ್ವ. ಮತ್ತೆ ಕದಿರು ಎತ್ತಿಕೊಂಡಳು, ಆದರೆ ನೂಲಲಿಲ್ಲ. “ಹೋಗು. ನಾ ಏನ್ ಮಾಡ್ತೀನೋ ನನಗಽ ಗೊತ್ತಿಲ್ಲ.”

ಜಾವಳದ ದಿನ ರೇವಪ್ಪ ಬರುವುದೇ ಬೇಡ ಎಂದುಕೊಂಡಿದ್ದ. ಬರದಿದ್ದರೆ ತಪ್ಪಿತಸ್ಥ ಎನ್ನುತ್ತಾರೆ ಎಂದು ಚಂದ್ರಾಬಾಯಿ ದೂಡಿ ಕಳಿಸಿದಳು. ಗುಂಪಿನ ಹಿಂದೆ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತ. ಚೀಲ ಕಂಕುಳಲ್ಲಿತ್ತು, ರೂಢಿಯಿಂದ. ಕರಜಗಿಯ ಹಡಪದ ಕಲ್ಲಿನ ಮೇಲೆ ನೀರು ಚಿಮುಕಿಸಿ ಸಾಣೆ ಹಿಡಿಯುತ್ತಿದ್ದ. ಯಮನವ್ವ ಕೂಸನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕುಂಚಿಗೆಯ ಕಸೆಯ ಮೇಲಿದ್ದ ಬೆರಳು ಬಿಳಿಚಿತ್ತು. ಅಮಸಿದ್ದ ಅವಳ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದ.

ಸಂಗವ್ವ ಮುಂದೆ ಬಂದಳು. ಕರಜಗಿಯವನ ಕೈಗೆ ತೆಂಗಿನಕಾಯಿ, ಹೊಸ ಟವೆಲು ಕೊಟ್ಟು, “ನೀ ಊಟಾ ಮಾಡ್ಕೊಂಡು ಹೋಗಪ್ಪಾ. ಊರಾಗ ಆಯಗಾರ ಇದ್ದಾಗ ಪರಊರಿನಾಂವನ್ನ ಕರದದ್ದು ನನ್ನ ತಪ್ಪು” ಎಂದಳು. ಆಮೇಲೆ ಕೂಸನ್ನು ತಾನೇ ಇಸಿದುಕೊಂಡು ಚಾಪೆಯ ಮೇಲೆ ಕುಳಿತಳು. ಸೋದರಮಾವ ಕುಳಿತುಕೊಳ್ಳಬೇಕಾದ ಜಾಗ ಅದು.

“ರೇವಪ್ಪಾ, ಬಾ.”

ಜನ ದಾರಿ ಬಿಟ್ಟರು. ಅಷ್ಟು ದೂರ ಅವನು ಎಂದೂ ನಡೆದಿರಲಿಲ್ಲ ಎನಿಸಿತು ಅವನಿಗೆ. ಮುಂದೆ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಸಂಗವ್ವ ಎಲ್ಲರಿಗೂ ಕಾಣುವಂತೆ ಕುಂಚಿಗೆ ಬಿಚ್ಚಿದಳು. ಕಿವಿಯ ಹಿಂದೆ ನಾಲ್ಕು ಎಳೆ, ಹಿಂದಲೆಯಲ್ಲಿ ಒಂದು ಕುಚ್ಚು. ಉಳಿದದ್ದೆಲ್ಲ ಬೋಳು. ಹೆಂಗಸರ ನಡುವೆ ಗುಸುಗುಸು ಎದ್ದಿತು.

“ಎಲ್ಲಾರೂ ನೋಡ್ರಿ” ಎಂದಳು. ದನಿ ನಡುಗಿತು, ಅವಳ ದನಿ ನಡುಗಿದ್ದನ್ನು ಊರು ಮೊದಲ ಸಲ ಕೇಳಿತು. “ಕತ್ತಿ ಮುಟ್ಟೂಕಿಂತ ಮೊದಲಽ ಹಿಂಗ ಅದ. ಇದು ನನ್ನ ತವರಿಂದು. ನನ್ನಣ್ಣಗ ಇತ್ತು, ನನ್ನ ಮಮ್ಮಕ್ಕಳಿಗೆ ಬಂದದ. ಮುಂದ ಕೂದಲಾ ಬರಲಿಲ್ಲಂದ್ರ ನನ್ನ ಕೇಳ್ರಿ. ಹಡಪದನ್ನ ಕೇಳಬ್ಯಾಡ್ರಿ, ನನ್ನ ಸೊಸಿನ್ನ ಕೇಳಬ್ಯಾಡ್ರಿ.”

ಯಮನವ್ವ ಬಂದು ಚಾಪೆಯ ಮೇಲೆ ಸಂಗವ್ವನ ಪಕ್ಕ ಕುಳಿತಳು.

ರೇವಪ್ಪ ಆ ನಾಲ್ಕು ಎಳೆಗಳನ್ನು ಇಳಿಸಿದ. ಕತ್ತಿಗೆ ಕೆಲಸವೇ ಇರಲಿಲ್ಲ. ಆದರೂ ಶಾಸ್ತ್ರ ಬಿಡಬಾರದೆಂದು ಬೋಳುನೆತ್ತಿಯ ಮೇಲೂ ನೀರು ಹಚ್ಚಿ, ಉಕ್ಕು ತಾಗದಷ್ಟು ಮೇಲೆ ಹಿಡಿದು ಒಂದೊಂದೇ ಸಲ ಎಳೆದ. ಕೂಸು ಅವನ ಮುಖವನ್ನೇ ನೋಡುತ್ತಿತ್ತು, ಅಳಲಿಲ್ಲ.

ಸಂಗವ್ವ ಅಂಜಿದ್ದು ಸುಳ್ಳಾಗಲಿಲ್ಲ. ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಗಂಟು ಕಟ್ಟಿಕೊಂಡು ತವರಿಗೆ ಬಂದಳು, ಒಂದು ವರ್ಷ ಅಲ್ಲೇ ಇದ್ದು ಹೋದಳು. ಅಮಸಿದ್ದ ಬೇರೆ ಹೆಣ್ಣು ತರಲಿಲ್ಲ. ಸಾವಿತ್ರವ್ವ ತಲೆಗೆ ಸೆರಗು ಹೊದ್ದು ಸಾಲೆಗೆ ಹೋದಳು, ಬೀರಪ್ಪ ಪಟಗಾ ಸುತ್ತಿ ಕುರಿ ಹಿಂದೆ ಹೋದ, ಸಂಜೆಗೆ ಹೊಳ್ಳಿ ಬಂದ.

ತಾಯಂದಿರು ಮೆಲ್ಲಗೆ ರೇವಪ್ಪನನ್ನು ಜಾವಳಕ್ಕೆ ಕರೆಯತೊಡಗಿದರು. ಅವನ ಅಂಜಿಕೆ ಮಾತ್ರ ಹೋಗಲಿಲ್ಲ. ಕತ್ತಿಯ ಅಂಜಿಕೆ ಹೋಗಿ, ಬೀಜದ ಅಂಜಿಕೆ ಬಂದು ಕುಳಿತಿತ್ತು. ಯಾವ ಮನೆಯ ಬಾವಿಯಲ್ಲಿ ಏನಿದೆಯೋ ಯಾರು ಕಂಡವರು? ಜಾವಳ ಮಾಡಿದ ಮನೆಗೆ ಹದಿನೈದು ದಿನ ಬಿಟ್ಟು ಎಲೆಗೆ ಸುಣ್ಣ ಕೇಳುವ ನೆಪದಲ್ಲಿ ಹೋಗುತ್ತಿದ್ದ. ಕೂಸನ್ನು ಎತ್ತಿಕೊಂಡು, ಅದೂ ಇದೂ ಮಾತಾಡುತ್ತ, ನೆತ್ತಿಯ ಮೇಲೆ ಅಂಗೈ ಆಡಿಸುತ್ತಿದ್ದ. ಹೊಸ ಕೂದಲ ಮೊಳಕೆ ಅಂಗೈಗೆ ಚುಚ್ಚಿದರೆ ಸುಣ್ಣ ಇಸಿದುಕೊಳ್ಳುವುದನ್ನೂ ಮರೆತು ಎದ್ದು ಬರುತ್ತಿದ್ದ.